ಕೆಡವಿದ ಮನೆಯ ವಿಳಾಸ

ಜಿನ್‌ಫಾನ ಮೊದಲ ಏಟಿಗೇ ವೇಲುನ್‌ನ ಕನ್ನಡಕ ಹಾರಿತು. ಎರಡನೆಯದಕ್ಕೆ ತುಟಿ ಒಡೆಯಿತು. ತೈಚುಂಗ್‌ನ ಆ ಕಾರ್ಖಾನೆಯಲ್ಲಿ ಉಳಿದ ಪ್ರೆಸ್ಸುಗಳು ತಗಡು ಬಡಿಯುತ್ತಲೇ ಇದ್ದವು. ಬಿಡಿಸಲು ಯಾರೂ ಬರಲಿಲ್ಲ. ಯಾಕಾದರೂ ಬಂದಾರು? ಮೂರು ದಿನದ ಹಿಂದೆ ಏಳನೇ ಪ್ರೆಸ್ಸು ಜಿನ್‌ಫಾನ ತಮ್ಮ ಅಕುನ್‌ನ ಬಲಗೈಯನ್ನು ಮಣಿಕಟ್ಟಿನವರೆಗೂ ಜಜ್ಜಿದ್ದನ್ನು ಎಲ್ಲರೂ ಕಂಡಿದ್ದರು.

ಜಿನ್‌ಫಾ ವೇಲುನ್‌ನ ಕೈಯಲ್ಲಿದ್ದ ಕಾಗದ ಕಿತ್ತುಕೊಂಡು ಓದಿದ: "'ಕೋಡ್ ಸರಿಯಿದೆ, ಕೆಲಸಗಾರನದೇ ತಪ್ಪು!' ಈ ಕಾಗದಕ್ಕೆ ರುಜು ಹಾಕಕ್ಕೆ ಬಂದ್ಯೇನೋ, ಇಂಜಿನಿಯರ್ ಸಾಹೇಬ?"

"ಪರಿಶೀಲನೆ ಮಾಡಿದೋನೇ ನಾನು ಅಣ್ಣಾ. ಸರಿಯಾಗೇ ಇದೆ."

ಅಪ್ಪಟ ಸುಳ್ಳು. ಕೈ ಅಡ್ಡ ಬಂದರೆ ಪ್ರೆಸ್ಸನ್ನು ತಡೆಯುವ ಬೆಳಕಿನ ಕಣ್ಣನ್ನು ನಡೆಸಲು ಬರೆದ ಆ ಡ್ರೈವರ್ ಕೋಡನ್ನು ವೇಲುನ್ ಊಟದ ಡಬ್ಬಿ ಆರುವಷ್ಟರಲ್ಲಿ ನೋಡಿ ಮುಗಿಸಿದ್ದ. ಕಣ್ಣಿನ ತಂತಿ ಬಿಟ್ಟು ಮತ್ತೆ ಕೂತರೆ ಡ್ರೈವರ್ ಹಳೆಯ ಮೆಮೊರಿಯನ್ನು ಬಿಟ್ಟುಕೊಡುತ್ತದೆ, ಅದರ ವಿಳಾಸ ಹಿಡಿದ ಪಾಯಿಂಟರ್ ಮಾತ್ರ ಹಾಗೇ ಉಳಿಯುತ್ತದೆ. ಕೆಡವಿದ ಮನೆಯ ವಿಳಾಸ ಹಿಡಿದು ಹೊರಟ ಅಂಚೆಯವನ ಕಥೆ. ಆ ಜಾಗದಲ್ಲಿ ಈಗ ಬೇರೇನೋ ಕೂತಿರುತ್ತದೆ, ಪ್ರೆಸ್ಸು ಅದನ್ನೇ ನಂಬಿ, ಕೈ ಅಡ್ಡವಿದ್ದರೂ ಬೀಳುತ್ತದೆ.

ಕೋಡು ಬರೆದ ಪೇಶಾನ್ ಕೇಳಿಯೂ ಇದ್ದಳು: "ಪಾಯಿಂಟರ್ ಅಳಿಸ್ಬೇಕಲ್ವಾ ಸಾರ್?"

"ಖಾಲಿ ಇದ್ಯಾ ಅಂತ ಮುಂದೆ ಚೆಕ್ ಇದೆಯಲ್ಲಮ್ಮಾ. ಸುಮ್ನೆ ಸಾಲು ಬೆಳೆಸ್ಬೇಡ," ಎಂದು ಗದರಿ ಕೆಳಗೆ ತನ್ನ ಹೆಸರು ಹಾಕಿದ್ದ. ಬಿಟ್ಟುಕೊಟ್ಟ ವಿಳಾಸ ತಾನಾಗಿ ಖಾಲಿಯಾಗುವುದಿಲ್ಲ ಎನ್ನುವುದು ಹೊಳೆದದ್ದು ಅಕುನ್ ಆಸ್ಪತ್ರೆ ಸೇರಿದ ಮೇಲೆ. ಹದಿನೈದು ವರ್ಷದ ಅನುಭವವಂತೆ, ಮಣ್ಣಂಗಟ್ಟಿ!

ಜಿನ್‌ಫಾ ಅವನ ತೋಳು ತಿರುಚಿ ಏಳನೇ ಪ್ರೆಸ್ಸಿನವರೆಗೆ ದರದರನೆ ಎಳೆದ. ಬಲಗೈಯನ್ನು ಅಚ್ಚಿನ ಮೇಲೆ ಒತ್ತಿ ಹಿಡಿದ. ಅಲ್ಲಿ ಅಕುನ್‌ನ ರಕ್ತ ಕಪ್ಪಗೆ ಒಣಗಿತ್ತು.

"ಅವತ್ತು ತಂತಿ ಅಲ್ಲಾಡ್ತಿತ್ತು ಅಂದ ನನ್ ತಮ್ಮ. ನೋಡೇ ಬಿಡಣ." ಇನ್ನೊಂದು ಕೈಯಿಂದ ತಂತಿ ಕಿತ್ತು, ಮತ್ತೆ ಸಿಕ್ಕಿಸಿದ. ಪೆಡಲಿನ ಮೇಲೆ ಕಾಲಿಟ್ಟ. "ಸರಿಯಿದ್ರೆ ಬೀಳಲ್ಲ, ಅಲ್ವಾ?"

ವೇಲುನ್ ಕೈ ಎಳೆದುಕೊಳ್ಳಲು ಒದ್ದಾಡಿದ, ಭುಜದ ಕೀಲು ಲಟಕ್ಕೆಂದಿತು.

"ಬೇಡ! ಬೀಳತ್ತೆ! ಪಾಯಿಂಟರ್ ಅಳಿಸಿಲ್ಲ! ಅವಳು ಹೇಳಿದ್ಲು, ನಾನೇ ಬೇಡ ಅಂದೆ!"

ಜಿನ್‌ಫಾ ಪೆಡಲನ್ನು ತುಳಿದೇಬಿಟ್ಟ.

ಏನೂ ಆಗಲಿಲ್ಲ.

"ಅವತ್ತಿಂದ ಇದಕ್ಕೆ ಕರೆಂಟೇ ಕೊಟ್ಟಿಲ್ಲ," ಎಂದು ಅವನ ಕೈ ಬಿಟ್ಟ ಜಿನ್‌ಫಾ. ಆ ಕಾಗದವನ್ನು ಕಿಸೆಯಿಂದ ತೆಗೆದು ಖಾಲಿ ಬೆನ್ನಿಗೆ ಮಗುಚಿ, ಪೆನ್ನಿನ ಜೊತೆ ನೆಲಕ್ಕೆಸೆದ. "ಈಗ ಅಂದಿದ್ದನ್ನೇ ಬರಿ. ಬರೆಯಕ್ಕೆ ನಿಂಗಿನ್ನೂ ಕೈ ಇದೆ."