ಅಮೋಸ್ ಟಿಲ್ಬರಿಯ ಅಪ್ಪ

"ಇನ್ನೊಂದ್ಸಲ ಎಳೀರೋ, ಕೈಯಲ್ಲಿ ಕಸುವಿಲ್ವಾ?" ಎಂದು ಅಡೀನಾ ಗದರಿದಳು.

ಗುಂಡಿ ತೋಡುವ ಲಿಯೋ ಹಾರೆಯನ್ನು ಸಂದಿಗೆ ತೂರಿಸಿ ಅದರ ಮೇಲೆ ತೂಗಿಬಿದ್ದ. ಮೆರಿಲ್ ಹಿಡಿಕೆ ಹಿಡಿದು ಜಗ್ಗಿದ. ಸ್ಮಶಾನದ ದಿಬ್ಬದೊಳಗೆ ಕೊರೆದ ಕಲ್ಲುಕೋಣೆಯ ಕಬ್ಬಿಣದ ಬಾಗಿಲು ಕಿರ್ರೆಂದು ಒಂದು ಗೇಣು ಸರಿದು ಮತ್ತೆ ಮೊಂಡು ಹಿಡಿಯಿತು.

"ದೊಡ್ಡಪ್ಪ ಬದುಕಿದ್ದಾಗ್ಲೂ ಹೀಗೇ. ಆ ಹಳೇ ಕಾಗದ ಬಿಟ್ಟು ಊಟಕ್ಕೆ ಏಳ್ಸೋಕೆ ಮೂರು ಜನ ಬೇಕಿತ್ತು," ಎಂದ ಮೆರಿಲ್, ಕತ್ತಿಗೆ ಕಚ್ಚಿದ ಕರಿನೊಣವನ್ನು ಹೊಡೆದುಕೊಳ್ಳುತ್ತ.

ದೊಡ್ಡಪ್ಪ ಎಂದರೆ ಅಡೀನಾಳ ತಮ್ಮ ಎಲ್ಡನ್ ಟಿಲ್ಬರಿ. ಎಪ್ಪತ್ತೊಂಬತ್ತು ವರ್ಷ ಬಾಳಿ, ಜನವರಿಯಲ್ಲಿ ತೀರಿಕೊಂಡಿದ್ದ. ಆ ಸಲದ ಚಳಿ ಎಂಥದೆಂದರೆ, ಲಿಯೋ ಗುದ್ದಲಿ ಎತ್ತಿ ನೆಲಕ್ಕೆ ಹೊಡೆದರೆ ಗುದ್ದಲಿಯೇ ತಪ್ಪಾಯಿತು ಎಂದು ವಾಪಸ್ಸು ಹಾರುತ್ತಿತ್ತು. ಸ್ಪ್ರೂಸ್ ಕೋವ್‌ನಲ್ಲಿ ಚಳಿಗಾಲದಲ್ಲಿ ಸತ್ತವರು ಈ ಕಲ್ಲುಕೋಣೆಯಲ್ಲೇ ಕಾಯಬೇಕು. ಮೇ ತಿಂಗಳಲ್ಲಿ ನೆಲ ಕರಗಿದ ಮೇಲೇ ಮಣ್ಣು.

ಪಕ್ಕದಲ್ಲಿ ನಿಂತಿದ್ದ ಎಲ್ಡನ್‌ನ ಹೆಂಡತಿ ಮರ್ಟಲ್ ಏನೂ ಮಾತಾಡಲಿಲ್ಲ. ನೂರ ಹದಿನೈದು ದಿನದಿಂದ ಅವಳು ಮಾತಾಡಿದ್ದೇ ಕಡಿಮೆ. ದುಃಖ ಎಂದು ಊರು ತಿಳಿದಿತ್ತು. ದುಃಖ ಇತ್ತು, ಸುಳ್ಳಲ್ಲ. ಆದರೆ ಅದಕ್ಕಿಂತ ಭಾರದ್ದು ಇನ್ನೊಂದು ನಾಲಿಗೆಯ ಮೇಲೆ ಕೂತಿತ್ತು. ಬಾಯಿ ತೆರೆದರೆ ಎಲ್ಲಿ ಜಾರಿಬೀಳುವುದೋ ಎಂದು ಅಂಗಡಿಯಲ್ಲಿ ಉಪ್ಪು ಕೇಳುವಾಗಲೂ ಕೈಸನ್ನೆ ಮಾಡುತ್ತಿದ್ದಳು.

* * *

ಎಲ್ಡನ್‌ನ ಕೆಲಸ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುವುದು. ಮೂವತ್ತೆಂಟು ಚಳಿಗಾಲ ಓಡಿಸಿದ. ಅಷ್ಟು ವರ್ಷದಲ್ಲಿ ಒಬ್ಬರ ಮನೆಯ ಅಂಚೆಪೆಟ್ಟಿಗೆಯನ್ನೂ ಕೆಡವಲಿಲ್ಲ, ತನ್ನದೊಂದನ್ನು ಬಿಟ್ಟು. ಅದನ್ನು ಏಳು ಸಲ ಕೆಡವಿದ್ದ.

ಹಿಮ ಬೀಳದ ದಿನ ಅವನಿಗೆ ಒಂದೇ ಕೆಲಸ. ಮುನ್ನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡಿನಿಂದ ಹಡಗು ಹತ್ತಿ ಈ ದಂಡೆಗೆ ಬಂದಿಳಿದ ಮೊದಲ ಟಿಲ್ಬರಿ, ಅಂದರೆ ಅಮೋಸ್, ಯಾರ ಮಗ ಎಂದು ಹುಡುಕುವುದು. ಮೂವತ್ತೊಂದು ವರ್ಷ ಹುಡುಕಿದ. ಹುಡುಕಾಟದ ಶುರುವಿನಲ್ಲೇ ಅಲ್ಲಿನ ಒಂದು ಹಳ್ಳಿಯ ಚರ್ಚಿನ ಪುಸ್ತಕದಲ್ಲಿ ಸಿಕ್ಕಿತ್ತು: ಅಮೋಸ್, ಸರ್ ರೋಜರ್ ಟಿಲ್ಬರಿ ಎಂಬ ಸರದಾರನ ಮಗ, ದೀಕ್ಷಾಸ್ನಾನ ಇಸವಿ ೧೬೦೮. ಅಕ್ಕ ಅಡೀನಾಳ ಕಾಲು ಆಮೇಲೆ ನೆಲದ ಮೇಲೆ ನಿಲ್ಲಲಿಲ್ಲ. ಟಿಲ್ಬರಿ ಸಂಘ ಕಟ್ಟಿದಳು. ಸರದಾರನ ಲಾಂಛನ, ಮೀನು ಕಚ್ಚಿದ ಕೊಕ್ಕರೆ, ಇನ್ನೂರು ಮನೆಗಳ ಗೋಡೆ ಹತ್ತಿತು. ಎಲ್ಡನ್ ಮಾತ್ರ ಇನ್ನೂ ಒಂದಿಷ್ಟು ಪುರಾವೆ ಇರಲಿ ಎಂದು ಕಾಗದ ಬರೆಯುತ್ತಲೇ ಇದ್ದ.

ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಆ ಹಳ್ಳಿಯ ಹೊಸ ಪಾದ್ರಿಯಿಂದ ಉತ್ತರ ಬಂತು. ಎಲ್ಡನ್ ಅಡುಗೆಮನೆಯ ಮೇಜಿನ ಮೇಲೆ ಅದನ್ನು ಹರಡಿ, ಭೂತಗನ್ನಡಿ ಹಿಡಿದು ಓದಿದ. ಆಮೇಲೆ ಭೂತಗನ್ನಡಿ ಕೆಳಗಿಟ್ಟ.

"ಮರ್ಟಲ್, ನಾನೊಬ್ಬ ಕತ್ತೆ ಕಣೇ."

"ಅದಕ್ಕೂ ಪುರಾವೆ ಸಿಕ್ತಾ?"

"ಸಿಕ್ತು. ನಾನು ಹುಟ್ಟಿದವರ ಪುಸ್ತಕ ಮಾತ್ರ ನಕಲು ಮಾಡ್ಸಿದ್ದೆ. ಸತ್ತವರದ್ದು ಬೇರೆ ಪುಸ್ತಕ ಇರುತ್ತೆ, ಅದನ್ನೂ ನೋಡ್ಬೇಕು ಅಂತ ಹೊಳೀಲೇ ಇಲ್ಲ. ಈ ಪುಣ್ಯಾತ್ಮ ಕೇಳದೇ ಇದ್ರೂ ಅದನ್ನೂ ಕಳ್ಸಿದ್ದಾನೆ. ನೋಡು."

ಮರ್ಟಲ್ ನೋಡಿದಳು. ಅಮೋಸ್, ಸರ್ ರೋಜರನ ಮಗ, ಮೂರು ವರ್ಷ, ಮಣ್ಣು ಮಾಡಿದ್ದು ೧೬೧೧.

"ಹಾಗಾದ್ರೆ ಹಡಗು ಹತ್ತಿದ್ದು ಯಾರು?"

ಎಲ್ಡನ್ ಎದ್ದು ಹೋಗಿ ಪೆಟ್ಟಿಗೆಯ ತಳದಿಂದ ಇನ್ನೊಂದು ಕಾಗದ ತಂದ. ಇದು ಈ ಕಡೆಯದೇ, ಇಲ್ಲಿನ ಹಳೆ ಕೋರ್ಟಿನದು. ಅಮೋಸ್ ಟಿಲ್ಬರಿಯ ಹಂದಿ ಪಾದ್ರಿಯ ಟರ್ನಿಪ್ ಗಡ್ಡೆಯ ತೋಟಕ್ಕೆ ನುಗ್ಗಿತ್ತು. ನ್ಯಾಯಾಧೀಶ ನೀನು ಯಾರ ಮಗ ಎಂದು ಕೇಳಿದ. ಅಮೋಸ್ ಹೇಳಿದ್ದನ್ನು ಬರೆದಿಟ್ಟಿದ್ದರು: ಗೊತ್ತಿಲ್ಲ, ಟಿಲ್ಬರಿ ಎಂಬ ಊರಲ್ಲಿ ಚರ್ಮ ಹದಮಾಡುವವರ ಬಾಗಿಲಲ್ಲಿ ಸಿಕ್ಕವನು ನಾನು, ಊರಿನ ಹೆಸರನ್ನೇ ಇಟ್ಟರು.

"ಇದು ನಂಗೆ ಇಪ್ಪತ್ತು ವರ್ಷದ ಹಿಂದೆನೇ ಸಿಕ್ಕಿತ್ತು," ಎಂದ ಎಲ್ಡನ್. "ಇವನು ನಮ್ಮವನಲ್ಲ, ಇನ್ಯಾವನೋ ಅಮೋಸ್ ಅಂತ ತಳಕ್ಕೆ ಹಾಕಿದ್ದೆ."

ಅಕ್ಕನಿಗೆ ಹೇಳುವ ಧೈರ್ಯ ಅವನಿಗೆ ಆ ವರ್ಷ ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ. ಜನವರಿಯಲ್ಲಿ ಹಾಸಿಗೆ ಹಿಡಿದಾಗ ಮರ್ಟಲ್‌ಳ ಕೈ ಹಿಡಿದುಕೊಂಡ.

"ನೀನೇ ಹೇಳ್ಬಿಡು. ಆದ್ರೆ ನನ್ನ ಮೇಲೆ ಮಣ್ಣು ಬೀಳೋ ತನಕ ಬಾಯಿ ಬಿಡಬೇಡ. ಅಕ್ಕ ಕೂಗಾಡಿದ್ರೆ ನಂಗೆ ಕೇಳಿಸ್ಬಾರದು."

ಸರಿ ಎಂದಳು ಮರ್ಟಲ್. ನೆಲ ಕಲ್ಲಾಗಿದೆ, ಮಣ್ಣು ಬೀಳುವುದು ಮೇ ತಿಂಗಳಿಗೆ ಎಂಬುದು ಗಂಡ ಹೆಂಡತಿ ಇಬ್ಬರಿಗೂ ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

* * *

ಕೊನೆಗೂ ಬಾಗಿಲು ತೆರೆಯಿತು. ಶವಪೆಟ್ಟಿಗೆಯನ್ನು ಹೊತ್ತು ತಂದು ಗುಂಡಿಗೆ ಇಳಿಸಿದರು. ಪಾದ್ರಿ ಪ್ರಾರ್ಥನೆಗೆ ಬಾಯಿ ತೆರೆದರೆ ಕರಿನೊಣ ಒಳಗೆ ಹೋಗುತ್ತಿತ್ತು. ಹಾಗಾಗಿ ಸ್ವರ್ಗದ ವಿಷಯ ಎರಡೇ ಮಾತಲ್ಲಿ ಮುಗಿಯಿತು. ಸಂಘದ ನಲವತ್ತು ಜನ ಟೋಪಿ ಬೀಸಿಕೊಳ್ಳುತ್ತ ನಿಂತಿದ್ದರು.

ಮರ್ಟಲ್ ಬೊಗಸೆಯಲ್ಲಿ ಒದ್ದೆ ಮಣ್ಣು ಎತ್ತಿ ಹಾಕಿದಳು. ಪೆಟ್ಟಿಗೆಯ ಮೇಲೆ ದಪ್ ಎಂದಿತು. ಇನ್ನೊಂದು ಬೊಗಸೆ ಹಾಕಿದಳು. ಮೂರನೆಯದನ್ನೂ ಹಾಕಿದಳು, ಇವರ ಕಿವಿ ಚೆನ್ನಾಗಿ ಮುಚ್ಚಲಿ ಎಂದು.

"ಸಾಕು ಮರ್ಟಲ್, ಲಿಯೋ ಮಾಡ್ತಾನೆ," ಎಂದಳು ಅಡೀನಾ. ಎಂಬತ್ತಮೂರರಲ್ಲೂ ನೆಟ್ಟಗೆ ನಿಂತು ಕೈಚೀಲದಿಂದ ಒಂದು ಕಾಗದ ತೆಗೆದಳು. "ಎಲ್ರೂ ಕೇಳಿ. ಕಲ್ಲಿನ ಮೇಲೆ ನಾಳೆ ಕೊರೆಯೋ ಮಾತು ಇದು. ಎಲ್ಡನ್ ಟಿಲ್ಬರಿ, ಸರ್ ರೋಜರ್ ಟಿಲ್ಬರಿಯ ಮಗನಾದ ಅಮೋಸನ ವಂಶದಲ್ಲಿ ಹತ್ತನೇ ತಲೆಮಾರು…"

ಮರ್ಟಲ್ ಒಂದು ಹೆಜ್ಜೆ ಮುಂದೆ ಬಂದಳು. ಕಾಗದ ಆದರೆ ಹರಿಯಬಹುದು, ಕಲ್ಲನ್ನು ಏನು ಮಾಡುವುದು? ಸತ್ತ ಮೇಲೂ ಎಲ್ಡನ್ ಸುಳ್ಳಿನ ಕೆಳಗೆ ಮಲಗಬೇಕೇ?

"ಅತ್ತಿಗೆ, ತಡೀರಿ. ಅದು ಸುಳ್ಳು."

ಟೋಪಿ ಬೀಸುವುದೆಲ್ಲ ನಿಂತಿತು.

"ಏನಂದೆ?"

ಮರ್ಟಲ್ ಒಂದೇ ಉಸಿರಿಗೆ ಹೇಳಿದಳು. ಹುಟ್ಟಿದವರ ಪುಸ್ತಕ, ಸತ್ತವರ ಪುಸ್ತಕ, ಮೂರು ವರ್ಷದ ಮಗು, ಹಂದಿ, ಟರ್ನಿಪ್, ಚರ್ಮ ಹದಮಾಡುವವರ ಬಾಗಿಲು. ಹೇಳಿ ಮುಗಿಸಿ, ಕೋಟಿನ ಒಳಜೇಬಿನಿಂದ ಎರಡೂ ಕಾಗದ ತೆಗೆದುಕೊಟ್ಟಳು.

ಅಡೀನಾ ಕನ್ನಡಕ ಏರಿಸಿ ಓದಿದಳು. ಹಣೆಯ ಮೇಲೆ ಕೂತ ಕರಿನೊಣವನ್ನೂ ಓಡಿಸಲಿಲ್ಲ.

"ಎಷ್ಟು ದಿನದಿಂದ ಗೊತ್ತಿತ್ತು ಅವನಿಗೆ?"

"ಆರು ವರ್ಷ."

"ಆರು ವರ್ಷ ನಮ್ಮನೇಲಿ, ಆ ಕೊಕ್ಕರೆ ಕೆಳಗೇ ಕೂತು, ನನ್ನ ಕೈ ಅಡುಗೆ ಉಂಡ್ನಲ್ಲೇ!"

"ಅಡುಗೆ ಚೆನ್ನಾಗಿರುತ್ತೆ ಅಂತಿದ್ರು ಅತ್ತಿಗೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೆದರ್ಕೊಂಡ್ರು."

"ನಂಗಾ? ನಂಗೆ ಯಾರು ಹೆದರ್ತಾರೆ?"

"ನಾನು," ಎಂದ ಮೆರಿಲ್. "ಪಾದ್ರಿಗಳೂ ಹೆದರ್ತಾರೆ, ಬೇಕಾದ್ರೆ ಕೇಳಿ ಅತ್ತೆ."

ಪಾದ್ರಿ ಪಕ್ಕದ ಮರ ನೋಡಿದರು.

ಅಡೀನಾ ಮತ್ತೆ ಆ ಕಾಗದ ನೋಡಿದಳು. ಅವಳ ದನಿ ಇಳಿದಿತ್ತು. "ಮೂರೇ ವರ್ಷ. ಪಾಪ, ಆ ಕೂಸಿನ ಬೆನ್ನ ಮೇಲೆ ಇನ್ನೂರು ಮನೆಯವರು ಹತ್ತಿ ಕೂತಿದ್ವಲ್ಲ ಮರ್ಟಲ್. ಇಳಿದುಬಿಡೋಣ ಇನ್ನು."

ಹಿಂದೆ ಯಾರೋ ಮೂಗು ಸೀನಿಕೊಂಡರು. ಅದು ಅಳುವೋ ನಗುವೋ ತಿಳಿಯಲಿಲ್ಲ. ಆಮೇಲೆ ಮೆರಿಲ್ ನಕ್ಕ, ಅದು ನಗುವೇ ಎಂದು ಎಲ್ಲರಿಗೂ ತಿಳಿಯಿತು.

"ಹಂದಿಯವನು ನಂಗೆ ಒಪ್ಪಿಗೆ ಅತ್ತೆ. ಆ ಕೊಕ್ಕರೆ ನೋಡಿದಾಗಲೆಲ್ಲ ಇದು ನಮ್ಮ ಪೈಕಿ ಅಲ್ಲ ಅನ್ನಿಸ್ತಿತ್ತು."

"ಹಾಗಾದ್ರೆ ಅವನಪ್ಪ ಯಾರು?" ಅಡೀನಾ ಕೇಳಿದಳು.

"ಗೊತ್ತಿಲ್ಲ ಅತ್ತಿಗೆ. ಕಾಗದ ಬಂದ ಮೇಲೆ ನಿಮ್ಮ ತಮ್ಮನಿಗೆ ಅಮೋಸನ ಮೇಲೆ ಪ್ರೀತಿ ಜಾಸ್ತಿನೇ ಆಯ್ತು. ಅಷ್ಟು ಜನರ ಮುಂದೆ, ಕೋರ್ಟಲ್ಲಿ ನಿಂತು ಗೊತ್ತಿಲ್ಲ ಅಂದ್ನಲ್ಲ ಗಂಡಸು, ಆ ಮಾತು ಹೇಳೋಕೆ ನಂಗೆ ಮೂವತ್ತೊಂದು ವರ್ಷ ಹಿಡೀತು ಅಂತಿದ್ರು. ಅದೂ ನಿನ್ನೊಬ್ಬಳ ಹತ್ರ ಅಂತಿದ್ರು."

ಲಿಯೋ ಗುದ್ದಲಿಗೆ ಗಲ್ಲ ಊರಿ ಕಾಯುತ್ತಿದ್ದ. ಕಲ್ಲು ಕೊರೆಯುವವನೂ ಅವನೇ. "ಹಾಗಾದ್ರೆ ನಾಳೆ ಏನು ಕೊರೀಲಿ ಅಮ್ಮಾ?"

ಅಡೀನಾ ತನ್ನ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅದರಿಂದಲೇ ಹಣೆಯ ನೊಣ ಹೊಡೆದಳು.

"ಎಲ್ಡನ್ ಟಿಲ್ಬರಿ. ಈ ಊರಿನ ದಾರಿ ತೆರೆದವನು. ಅಷ್ಟೇ ಕೊರಿ." ಆಮೇಲೆ ಗುಂಡಿಯ ಕಡೆ ಬಗ್ಗಿ, ಊರಿಗೆಲ್ಲ ಕೇಳುವಂತೆ ಕೂಗಿದಳು: "ಹೆದರುಪುಕ್ಕಲ! ನಂಗೆ ಹೇಳಿದ್ರೆ ನಾನೇನು ನಿನ್ನ ತಿಂದ್ಬಿಡ್ತಿದ್ನಾ?"

ಅವಳು ಕಣ್ಣೊರೆಸಿಕೊಂಡು ಮರ್ಟಲ್‌ಳ ತೋಳಿಗೆ ತೋಳು ಸೇರಿಸಿದಳು.

ಚರ್ಚಿನ ಊಟದ ಕೋಣೆಯಲ್ಲಿ ಬೇಯಿಸಿದ ಬೀನ್ಸು, ಹಂದಿ ತೊಡೆಯ ಮಾಂಸ, ಕಾಫಿ ಎಲ್ಲ ಕಾದಿದ್ದವು. ನಲವತ್ತು ಜನ ಒಟ್ಟಿಗೇ ಮಾತಾಡುತ್ತಿದ್ದರು. ನಮ್ಮಪ್ಪನೂ ಹಂದಿ ಸಾಕಿದ್ದ, ನಮ್ಮಜ್ಜಿಯ ಅಪ್ಪ ಯಾರೆಂದು ನಮಗೂ ತಿಳಿಯದು ಎಂದು, ಇಷ್ಟು ವರ್ಷ ಗೋಡೆಯ ಕೊಕ್ಕರೆಗೆ ಕೇಳೀತೆಂದು ಅಡಗಿಸಿಟ್ಟಿದ್ದನ್ನೆಲ್ಲ ಪೈಪೋಟಿಯ ಮೇಲೆ ಹೊರಗೆ ಹಾಕುತ್ತಿದ್ದರು.

"ಶ್!" ಎಂದಳು ಅಡೀನಾ.

ಎಲ್ಲರೂ ತಿರುಗಿ ನೋಡಿದರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ತೊಡೆಯ ಮೇಲೆ ಬೀನ್ಸಿನ ತಟ್ಟೆ ಇಟ್ಟುಕೊಂಡು, ಮರ್ಟಲ್ ನಿದ್ದೆಹೋಗಿದ್ದಳು. ತಲೆ ಹಿಂದಕ್ಕೆ ಒರಗಿತ್ತು. ಬಾಯಿ ಮಾತ್ರ ಅಗಲಕ್ಕೆ ತೆರೆದುಕೊಂಡಿತ್ತು. ಅಡೀನಾ ತಟ್ಟೆಯನ್ನು ಮೆಲ್ಲಗೆ ಎತ್ತಿ, ಪಕ್ಕದಲ್ಲಿ ಕೂತು, ಒಂದೂ ನೊಣ ಒಳಗೆ ಹೋಗದಂತೆ ಟೋಪಿ ಬೀಸತೊಡಗಿದಳು.