ಉಪ್ಪು ನೋಡುವ ಇಮಾಮ್ ಸಾಬರು

ಗಂಜಾಂನ ಇಮಾಮ್ ಸಾಬರಿಗೆ ಎರಡು ವಿದ್ಯೆ ಗೊತ್ತಿತ್ತು. ಒಂದು ಕುರಿ ಕುಯ್ಯುವುದು, ಇನ್ನೊಂದು ಉಪ್ಪು ನೋಡುವುದು. ಮೊದಲನೆಯದನ್ನು ಅಪ್ಪ ಕಲಿಸಿದ್ದ, ಎರಡನೆಯದು ಹುಟ್ಟಿನಿಂದ ಬಂದದ್ದು. ಕೆ.ಆರ್.ಪೇಟೆ ಸೀಮೆಯಲ್ಲಿ ಯಾರ ಮನೆಯ ಮದುವೆಯ ಬೀಗರೂಟವಾದರೂ ಮೊದಲ ಫೋನು ಸಾಬರಿಗೇ. ಬೆಳಿಗ್ಗೆ ಕುರಿ ಕುಯ್ದುಕೊಡಬೇಕು. ಮಧ್ಯಾಹ್ನ ಆ ಕುರಿಯ ಬಾಡಿನ ಸಾರು ಕುದಿಯುವಾಗ ಅಂಗೈ ಒಡ್ಡಿ ಒಂದು ಗುಟುಕು ಕುಡಿದು ತೀರ್ಪು ಹೇಳಬೇಕು. ಆಮೇಲೇ ಎಲೆ ಬೀಳುವುದು. ಅಡುಗೆಯ ಕೃಷ್ಣನಂತೂ ಬೇಕೆಂದೇ ಅರ್ಧ ಉಪ್ಪು ಹಾಕಿ ಇವರ ಬಾಯಿಗಾಗಿ ಕಾಯುತ್ತಿದ್ದ. ನಲವತ್ತು ವರ್ಷದಲ್ಲಿ ಆ ಬಾಯಿ ಯಾರ ಮುಲಾಜಿಗೂ ಬಗ್ಗಿರಲಿಲ್ಲ. ದೊಡ್ಡ ಗುತ್ತಿಗೆದಾರನೊಬ್ಬನ ಮನೆಯಲ್ಲಿ, ನೂರು ಜನರ ಮುಂದೆ, "ಇದು ಸಾರಲ್ಲ ಯಜಮಾನ್ರೇ, ಕೆರೆ ನೀರು" ಎಂದು ಅಂಗೈ ಕೊಡವಿದ್ದುಂಟು.

ಅಂಥ ಬಾಯಿ ಬುಧವಾರ ಮಧ್ಯಾಹ್ನ ಶ್ರೀರಂಗಪಟ್ಟಣದ ಟಾಕೀಸಿನ ಮುಂದೆ, ಒಂದು ಮೈಕಿನೆದುರು ತೆರೆದುಕೊಂಡಿತು. ಅಲ್ಲಿಂದ ಶುರುವಾಯಿತು ಗ್ರಹಚಾರ.

ಮಗಳು ಜಾಸ್ಮಿನ್ ಬಲವಂತ ಮಾಡಿ ಕರೆದುಕೊಂಡು ಹೋದ ಸಿನಿಮಾ ಅದು. ಹೆಸರು 'ಸೀಕ್ರೆಟ್ ಸಂತೆ'. ಏಳು ಜನ ದೊಡ್ಡ ಸ್ಟಾರುಗಳು, ಏಳೂ ಜನ ಗೂಢಚಾರರು, ಎಲ್ಲರೂ ಹುಡುಕುವುದು ಒಂದೇ ಪೆನ್‌ಡ್ರೈವು. ಅದನ್ನೊಂದು ಕೋಳಿ ನುಂಗಿಬಿಟ್ಟಿರುತ್ತದೆ. ಯಾರು ಯಾರಿಗೆ ಯಾಕೆ ಹೊಡೆಯುತ್ತಿದ್ದಾರೆ ಎಂಬುದು ಹೊಡೆಯುವವರಿಗಾದರೂ ಗೊತ್ತಿತ್ತೋ ಇಲ್ಲವೋ. ಏಳರಲ್ಲಿ ದೊಡ್ಡ ತಲೆ ನಮ್ಮ ಸೀಮೆಯ ನಟ. ಅಭಿಮಾನಿಗಳು ಇಟ್ಟ ಹೆಸರು 'ಕಾವೇರಿ ಹುಲಿ'. ಹೆತ್ತ ಅಪ್ಪನನ್ನು ಬೈದರೆ ಸುಮ್ಮನಿರುವ ಹುಡುಗರು ಹುಲಿಯನ್ನು ಬೈದರೆ ಸುಮ್ಮನಿರುವುದಿಲ್ಲ.

ಆಟ ಬಿಟ್ಟಾಗ ಬಾಗಿಲಲ್ಲಿ ಸ್ನೇಹ ಎನ್ನುವ ಹುಡುಗಿ ಮೈಕು ಹಿಡಿದು ನಿಂತಿದ್ದಳು. ಜನರ ಅಭಿಪ್ರಾಯ ಕೇಳಿ ಮೊಬೈಲಿಗೆ ಹಾಕುವುದು ಅವಳ ಕಸುಬು.

"ಹುಲಿ ಎಂಟ್ರಿ ಒಂದೇ ಸಾಕು ಕಣಕ್ಕ, ಮೈಯೆಲ್ಲ ಜುಮ್ ಅಂತದೆ!" ಎಂದ ಕಾಲೇಜು ಹುಡುಗ.

"ಚಿತ್ರಾನ್ನ ಮಾಡ್ಬುಟ್ಟವ್ರೆ. ಕತೆ ಎಲ್ಲದೆ ಅಂತ ಟಾರ್ಚ್ ಆಕಿ ಉಡುಕ್ಬೇಕು" ಎಂದಳು ತರಕಾರಿ ಚೀಲ ಹಿಡಿದಿದ್ದ ಹೆಂಗಸು.

"ಒಳ್ಳೆ ನಿದ್ದೆ ಬಂತು" ಎಂದ ಬಸ್ಸಿನ ಕಂಡಕ್ಟರು.

ಮೈಕು ಸಾಬರ ಗಡ್ಡದ ಹತ್ತಿರ ಬಂತು. "ನೀವೇನ್ ಕೆಲಸ ಮಾಡ್ತೀರ ಅಂಕಲ್?"

"ಕುರಿ ಕುಯ್ತೀನಿ ಕಣವ್ವ."

"ಸಿನಿಮಾ ಹೇಗಿತ್ತು?"

ಸಾಬರು ಸಾರಿನ ತೀರ್ಪು ಹೇಳುವ ಗತ್ತಿನಲ್ಲೇ ಹೇಳಿದರು: "ಬೀಗರೂಟ ಕಣವ್ವ ಇದು. ಏಳು ಜನ ಬೀಗ್ರು ಪಂಕ್ತೀಲಿ ಕುಂತವ್ರೆ, ಯಾರ ಎಲೆಗೂ ಬಾಡು ಬಿದ್ದಿಲ್ಲ. ನಗು ಬರ್ತದೆ, ಇಲ್ಲ ಅನ್ನಾಕಿಲ್ಲ. ಆದ್ರೆ ಉಪ್ಪಿಲ್ಲ. ಆ ಆಸ್ಪತ್ರೆ ಸೀನಲ್ಲಿ ನಮ್ ಹುಲೀನ ಒಂದ್ ಅರ್ಧ ಗಂಟೆ ಕುಯ್ದು ಬಿಸಾಕ್ಬೇಕಿತ್ತು. ಸಿನಿಮಾ ಕುದುರೆ ಓಡ್ದಂಗೆ ಓಡ್ತಿತ್ತು." ಹೇಳುವಾಗ ಬಲಗೈ ತಾನಾಗಿ ಗಾಳಿಯಲ್ಲಿ ಒಂದು ಗೆರೆ ಎಳೆಯಿತು. ನಲವತ್ತು ವರ್ಷದ ಅಭ್ಯಾಸ, ಏನು ಮಾಡುವುದು?

ಗುರುವಾರ ಸಂಜೆ ಜಾಸ್ಮಿನ್ ಮೊಬೈಲು ಹಿಡಿದು ಅಡುಗೆಮನೆಯಿಂದ ಓಡಿಬಂದಳು. "ಅಬ್ಬಾಜಾನ್, ಇದನ್ನ ನೋಡಿ."

ಹನ್ನೊಂದು ಸೆಕೆಂಡಿನ ವಿಡಿಯೋ. ಅದರಲ್ಲಿ ಸಾಬರು, "ಕುರಿ ಕುಯ್ತೀನಿ ಕಣವ್ವ" ಎನ್ನುತ್ತಾರೆ. ತಕ್ಷಣ, "ಹುಲೀನ... ಕುಯ್ದು ಬಿಸಾಕ್ಬೇಕಿತ್ತು" ಎನ್ನುತ್ತಾರೆ. ಕೈ ಗಾಳಿಯಲ್ಲಿ ಗೆರೆ ಎಳೆಯುತ್ತದೆ. ಅಷ್ಟೇ. ಬೀಗರಿಲ್ಲ, ಎಲೆಯಿಲ್ಲ, ಆಸ್ಪತ್ರೆ ಸೀನಿಲ್ಲ, ಅರ್ಧ ಗಂಟೆಯಿಲ್ಲ. ಸಿನಿಮಾದಲ್ಲಿ ಕುಯ್ಯಬೇಕಾದ್ದನ್ನು ಯಾರೂ ಕುಯ್ಯಲಿಲ್ಲ. ಸಾಬರ ಮಾತನ್ನು ಮಾತ್ರ ನೀಟಾಗಿ ಕುಯ್ದಿದ್ದರು.

ಕೆಳಗೆ ಜನ ಬರೆದದ್ದನ್ನು ಜಾಸ್ಮಿನ್ ಓದುತ್ತ ಹೋದಳು. ಒಬ್ಬ ಇವನ್ಯಾವೂರವನು ಎಂದು ಕೇಳಿದ್ದ. ಇನ್ನೊಬ್ಬ ಗಂಜಾಂ ಎಂದು ಉತ್ತರವನ್ನೂ ಕೊಟ್ಟಿದ್ದ. "ಸಿಗ್ಲಿ, ಕುಯ್ಯೋದು ಎಂಗೆ ಅಂತ ನಾವು ತೋರುಸ್ತೀವಿ" ಎನ್ನುವುದನ್ನು ಓದಿ ಅವಳು ಮೊಬೈಲು ಮಗುಚಿಟ್ಟಳು. ನಾಗಮಂಗಲದಲ್ಲಿದ್ದ ಭಾಮೈದ ಶೋಯಬ್ ಫೋನು ಮಾಡಿ, "ಭಾಯಿಜಾನ್, ನಾಲ್ಕು ದಿನ ಇಲ್ಲಿಗೆ ಬಂದ್ಬುಡಿ" ಎಂದ. ಸ್ನೇಹ ತನ್ನ ಚಾನೆಲ್ಲಿನಲ್ಲಿ ಹಾಕಿದ್ದ ನಂಬರಿಗೆ ಮಾಡಿದರೆ ಅವಳು ಎತ್ತಲಿಲ್ಲ.

ಹೋಗಿಬಿಡಬಹುದಿತ್ತು. ಆದರೆ ಭಾನುವಾರ ಅಕ್ಕಿಹೆಬ್ಬಾಳಿನಲ್ಲಿ ದೊಡ್ಡತಾಯಮ್ಮನ ಮನೆಯ ಬೀಗರೂಟ; ಮೊಮ್ಮಗಳು ಪವಿತ್ರಳ ಮದುವೆಯದು. ಆ ಮುದುಕಿ ಸೊಸೆಯಾಗಿ ಬಂದ ಮೇಲೆ ಆ ಮನೆಯ ಎಲ್ಲಾ ಬೀಗರೂಟಕ್ಕೂ ಕುರಿ ಕುಯ್ದದ್ದು ಸಾಬರ ಮನೆಯವರೇ. ಮಾತು ಕೊಟ್ಟು ತಪ್ಪಿಸಿಕೊಂಡರೆ ಆ ಸೀಮೆಯಲ್ಲಿ ಮತ್ತೆ ಯಾರೂ ಕರೆಯುವುದಿಲ್ಲ. ಆಗ ಸಾಬರಿಗೆ ಇನ್ನೊಂದು ಸಂಗತಿ ನೆನಪಾಯಿತು. ದೊಡ್ಡತಾಯಮ್ಮನ ಮೊಮ್ಮಗ ದಿಲೀಪ್ ಕಾವೇರಿ ಹುಲಿ ಅಭಿಮಾನಿ ಸಂಘದ ತಾಲ್ಲೂಕು ಅಧ್ಯಕ್ಷ.

ಶನಿವಾರ ದಿಲೀಪನದೇ ಫೋನು ಬಂತು. "ಮಾಮ, ನಾಳೆ ಬತ್ತೀಯ ತಾನೆ? ತಪ್ಪುಸ್ಬ್ಯಾಡ. ಹುಡುಗ್ರೆಲ್ಲ ಕಾಯ್ತಾವ್ರೆ." ಅಷ್ಟು ಹೇಳಿ ನಕ್ಕು ಇಟ್ಟುಬಿಟ್ಟ. ಆ ನಗು ಎಂಥದ್ದು ಎಂದು ಸಾಬರು ಹಾಸಿಗೆಯಲ್ಲಿ ಹೊರಳಾಡಿಕೊಂಡು ಯೋಚಿಸಿದರು. ತಿಳಿಯಲಿಲ್ಲ.

ಭಾನುವಾರ ನಸುಕಿಗೇ ನಮಾಜು ಮುಗಿಸಿ ಮೊಪೆಡ್ ಹತ್ತಿದರು. ಯಾವಾಗಲೂ ಮುಂದಿನ ಬುಟ್ಟಿಯಲ್ಲಿ ರಾಜಾರೋಷವಾಗಿ ಇರುತ್ತಿದ್ದ ಚೂರಿಗಳು ಅಂದು ಟವೆಲಿನೊಳಗೆ, ಟವೆಲು ಚೀಲದೊಳಗೆ, ಚೀಲ ಸೀಟಿನ ಕೆಳಗೆ ಸೇರಿದವು. ಅನ್ನ ಕೊಟ್ಟ ಕಬ್ಬಿಣವನ್ನು ಕಳ್ಳಮಾಲಿನಂತೆ ಬಚ್ಚಿಡಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ಆದರೆ ಹೆದರಿಕೆ ನಾಚಿಕೆಗಿಂತ ದೊಡ್ಡದಿತ್ತು.

ಪಾಂಡವಪುರದಲ್ಲಿ ಟೀ ಕುಡಿಯಲು ನಿಂತರು. ಟೀ ಸೋಸುತ್ತಿದ್ದವನು ಇವರನ್ನೇ ನೋಡಿ, ಮೊಬೈಲು ನೋಡಿ, ಮತ್ತೆ ಇವರನ್ನು ನೋಡಿದ. "ನೀವು ಹುಲಿ ಕುಯ್ಯೋ ಸಾಬ್ರಲ್ವಾ?"

ಬೆಂಚಿನ ಮೇಲಿದ್ದ ಮೂವರು ತಿರುಗಿದರು. ಸಾಬರು ಅರ್ಧ ಲೋಟ ಅಲ್ಲೇ ಇಟ್ಟು, "ನಾನಲ್ಲಪ್ಪ, ಬೇರೆ ಯಾರೋ" ಎಂದು ಮೊಪೆಡ್ ಒದ್ದರು. ಹಿಂದೆ ಯಾರೋ ನಕ್ಕಂತಾಯಿತು. ಕೆ.ಆರ್.ಪೇಟೆ ಬರುವ ತನಕ ಹಿಂದೆ ಬಂದ ಪ್ರತಿಯೊಂದು ಬೈಕಿನ ಸದ್ದಿಗೂ ಅವರ ಬೆನ್ನು ಸೆಟೆದುಕೊಳ್ಳುತ್ತಿತ್ತು. ಒಂದು ಬೈಕು ಎರಡು ಮೈಲಿಯ ತನಕ ಬೆನ್ನ ಹಿಂದೆಯೇ ಬಂತು. ಪಕ್ಕಕ್ಕೆ ನಿಲ್ಲಿಸಿ ಕಣ್ಣು ಮುಚ್ಚಿದರೆ, ಹಾಲಿನ ಕ್ಯಾನು ಕಟ್ಟಿಕೊಂಡವನು ಡೇರಿಗೆ ಹೊತ್ತಾಯಿತೆಂದು ಹಾರನ್ನು ಹೊಡೆದು ಮುಂದೆ ಹೋದ.

ಅಕ್ಕಿಹೆಬ್ಬಾಳಿನ ದೊಡ್ಡತಾಯಮ್ಮನ ಬೀದಿಗೆ ತಿರುಗುತ್ತಲೇ ಬ್ರೇಕು ಹಿಡಿದರು. ಶಾಮಿಯಾನದ ಬಾಗಿಲಲ್ಲಿ ಇಪ್ಪತ್ತಡಿ ಫ್ಲೆಕ್ಸು. ಅದರಲ್ಲಿ ಕಾವೇರಿ ಹುಲಿ ಕೈ ಮುಗಿದು ಬೀಗರಿಗೆ ಸ್ವಾಗತ ಕೋರುತ್ತಿದ್ದ. ಅವನ ಕಾಲ ಕೆಳಗೆ ಸಂಘದ ಹತ್ತು ಹುಡುಗರು ನಿಂತಿದ್ದರು.

"ಬಂದ್ಬುಟ್ಟ ಕಣ್ಲಾ" ಎಂದನೊಬ್ಬ.

ಯಾರೂ ಕೈ ಮಾಡಲಿಲ್ಲ. ಬರೀ ಹಿಂಬಾಲಿಸಿದರು. ಹಿತ್ತಲಲ್ಲಿ ಆರು ಕುರಿ ಕಟ್ಟಿದ್ದರು. ಸಾಬರು ಚೀಲ ಬಿಚ್ಚಿ ಚೂರಿ ತೆಗೆದಾಗ ಹತ್ತು ಮೊಬೈಲು ಮೇಲೆದ್ದವು. ಇದರಲ್ಲಿ ಇನ್ನೇನನ್ನು ಕುಯ್ದು ಎಲ್ಲಿಗೆ ಅಂಟಿಸುತ್ತಾರೋ. ಕೈ ನಡುಗಿದರೆ ಕುರಿಗೆ ನೋವು, ಕುರಿಗೆ ನೋವಾದರೆ ಮಾಂಸಕ್ಕೆ ದೋಷ ಎಂದು ಅಪ್ಪ ಹೇಳಿಕೊಟ್ಟಿದ್ದ. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಒತ್ತಿ ಹಿಡಿದು, ಉಸಿರು ಹತೋಟಿಗೆ ಬಂದಮೇಲೆ, "ಬಿಸ್ಮಿಲ್ಲಾ" ಎಂದರು. ಆರೂ ಕುರಿ ಹೇಗೋ ಮುಗಿದವು.

ಕೈ ತೊಳೆಯುವಾಗ ದಿಲೀಪ್ ಬಂದು ಹೆಗಲ ಮೇಲೆ ಕೈ ಹಾಕಿದ.

"ಮಾಮ, ಆ ವಿಡಿಯೋ ನೋಡ್ದೆ. ಹುಡುಗ್ರು ಕುದಿತಾವ್ರೆ. ನಮ್ಮನೆ ಮನ್ಸ ಕಣ್ರಲಾ ಅಂತ ನಾನೇ ತಡ್ದು ಇಡ್ಕೊಂಡಿವ್ನಿ. ಮಧ್ಯಾನ ಒಂದ್ ಒಳ್ಳೆ ಮಾತು ಏಳ್ಬುಡು, ವಿಡಿಯೋ ಆಕ್ತೀವಿ, ಮುಗೀತದೆ." ಆಮೇಲೆ ಕಿವಿಯ ಹತ್ತಿರ ಬಗ್ಗಿ, "ಆಸ್ಪತ್ರೆ ಸೀನು ನಂಗೂ ಬೋ ಬೋರಾಯ್ತು. ಯಾರ್ಗೂ ಏಳ್ಬ್ಯಾಡ" ಎಂದ.

ಸಾಬರು ತಲೆಯಾಡಿಸಿದರು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅಧ್ಯಕ್ಷನೇ ಹೆದರಿ ಪಿಸುಗುಟ್ಟುವಾಗ ಕುರಿ ಕುಯ್ಯುವವನ ಪಾಡೇನು?

ಹನ್ನೆರಡೂವರೆಗೆ ಸಾರು ಕುದಿಯಿತು. ಚಪ್ಪರದಡಿ ನಾಲ್ಕು ನೂರು ಜನ ಹಸಿದು ಕೂತಿದ್ದರು. ಕೃಷ್ಣ ಯಾವಾಗಿನಂತೆ ಸೌಟೆತ್ತಿ ಕೂಗಿದ, "ಸಾಬ್ರೇ, ಉಪ್ಪು ನೋಡ್ಬನ್ನಿ!"

ಸಾಬರು ಹಂಡೆಯ ಹತ್ತಿರ ಹೋಗಿ ಅಂಗೈ ಒಡ್ಡಿದರು. ಒಂದು ಗುಟುಕು ನಾಲಿಗೆಗೆ ಬಿತ್ತು. ಸಾರು ಸಪ್ಪೆ. ಖಾರ ಇತ್ತು, ಮಸಾಲೆ ಇತ್ತು, ಇನ್ನೂ ಎರಡು ಬೊಗಸೆ ಉಪ್ಪು ಬೇಕಿತ್ತು. ಹೇಳಲು ಬಾಯಿ ತೆರೆದು ತಲೆಯೆತ್ತಿದರೆ ಕೃಷ್ಣನ ಪಕ್ಕದಲ್ಲಿ ಹತ್ತು ಮೊಬೈಲು. ಯಾವಾಗ ಬಂದರೋ.

"ಎಂಗದೆ ಮಾಮ?" ಎಂದ ಮುಂದೆ ನಿಂತಿದ್ದವನು.

ಸಾರೋ ಸಿನಿಮಾವೋ? 'ಉಪ್ಪಿಲ್ಲ' ಎಂದುಬಿಟ್ಟರೆ? ಆ ಮಾತನ್ನೂ ಕತ್ತರಿಸಿ ಹುಲಿಯ ಫೋಟೋ ಪಕ್ಕದಲ್ಲಿ ಅಂಟಿಸಿದರೆ? ಗಂಜಾಂನ ಮನೆಯಲ್ಲಿ ಜಾಸ್ಮಿನ್ ಒಬ್ಬಳೇ ಇದ್ದಾಳೆ. ಬಾಗಿಲಿಗೆ ಇರುವುದು ಒಂದೇ ಚಿಲಕ.

"ಚೆನ್ನಾಗದೆ" ಎಂದರು ಸಾಬರು. "ಬೋ ಚೆನ್ನಾಗದೆ. ಏನೂ ಕುಯ್ಯಂಗಿಲ್ಲ."

ಹುಡುಗರು ಹೋ ಎಂದು ಕೂಗಿ ಕೇಕೆ ಹಾಕಿದರು. ಯಾರೋ ಶಿಳ್ಳೆ ಹೊಡೆದರು. ಆ ಗಲಾಟೆಯಲ್ಲೇ ಕೃಷ್ಣ ಉಪ್ಪಿನ ಡಬ್ಬಕ್ಕೆ ಮುಚ್ಚಳ ಹಾಕಿ ಕೂಗಿದ: "ಸಾಬ್ರು ಊಂ ಅಂದ್ರು! ಎಲೆ ಆಕ್ರಪ್ಪೋ!"

"ಕೃಷ್ಣಪ್ಪ..." ಎಂದರು ಸಾಬರು. ಮೊಬೈಲುಗಳು ಇನ್ನೂ ಮೇಲೇ ಇದ್ದವು. ಬಾಯಿ ಮುಚ್ಚಿಕೊಂಡರು.

ಮೊದಲ ಪಂಕ್ತಿಯ ತುದಿಯಲ್ಲಿ, ಬೀಗರ ಪಕ್ಕ, ದೊಡ್ಡತಾಯಮ್ಮ ಕೂತಿದ್ದಳು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದಳು. ಎರಡನೇ ತುತ್ತಿಗೆ ಕೈ ನಿಂತಿತು. ತಲೆಯೆತ್ತಿ, ಕಂಬಕ್ಕೊರಗಿ ನಿಂತಿದ್ದ ಸಾಬರನ್ನು ಹುಡುಕಿ ಹತ್ತಿರ ಕರೆದಳು.

"ಇಮಾಮು, ಉಪ್ಪು ನೋಡ್ಲಿಲ್ವ ನೀನು?"

"ನೋಡ್ದೆ ಅವ್ವ."

"ನೋಡಿ?"

ಸಾಬರು ಎಲೆಯ ಪಕ್ಕ ಬಗ್ಗಿದರು. "ಎದ್ರಿಕೆ ಆಯ್ತವ್ವ" ಎಂದರು, ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ.

ಪಕ್ಕದ ಬೀಗಿತ್ತಿ ಅನುಮಾನದಿಂದ, "ಯಾಕಮ್ಮ, ಸಾರು ಸಪ್ಪೆ ಅಲ್ವಾ?" ಎಂದಳು.

"ಇಲ್ಲ ಬುಡಿ, ಚೆನ್ನಾಗದೆ" ಎಂದಳು ದೊಡ್ಡತಾಯಮ್ಮ. "ನಮ್ ಇಮಾಮು ಚೆನ್ನಾಗದೆ ಅಂದ್ಮೇಲೆ ಚೆನ್ನಾಗೇ ಅದೆ."

ಎಲೆಯ ತುದಿಯಲ್ಲಿ ಬಡಿಸಿದ್ದ ಉಪ್ಪನ್ನು ಅವಳು ಮುಟ್ಟಲಿಲ್ಲ. ಮುದ್ದೆ ಮುರಿದು ಮುರಿದು, ಸಾರಿನ ಕೊನೆಯ ಹನಿಯ ತನಕ ತಿಂದಳು. ಸಾಬರು ಅವಳು ಏಳುವ ತನಕ ಅಲ್ಲೇ ನಿಂತಿದ್ದರು.