ಒಂದೇ ಕುರಿಯ ಹೆಜ್ಜೆ

“ಹಿಂದ ಸರಿಬೇ. ನಿನ್ನ ಕಂಬಳಿ ನಾತಕ್ಕ ಸಾಹೇಬ್ರು ಮೂಗ ಮುಚ್ಚಗೋತಾರ.”

ಮಾಸ್ತರ ಬೈದರೂ ಸತ್ಯವ್ವ ಮುಂದೇ ಕೂತಳು. ಆರು ತಿಂಗಳು ಹೊರಗೆ ನಿಂತು ಸಾಕಾಗಿತ್ತು. ಆಗಿನ ಮುಂಬೈ ಸರಕಾರ ದೊಡ್ಡವರಿಗೂ ಅಕ್ಷರ ಕಲಿಸುತ್ತದಂತೆ ಎಂದು ಸಾವಳಗಿ ಸಂತೆಯಲ್ಲಿ ಕೇಳಿದಾಗಿನಿಂದ, ದಿನಾ ಸಂಜೆ ಕುರಿ ದೊಡ್ಡಿಯಲ್ಲಿ ತರುಬಿ ಈ ಸಾಲೆಗೆ ಬರುತ್ತಿದ್ದಳು. ಮಾಸ್ತರನದು ಒಂದೇ ಮಾತು: “ನಾಳಿ ಬಾ.”

ಅಷ್ಟಕ್ಕೆ ಬಿಡುವ ಹೆಂಗಸಲ್ಲ ಅವಳು. ಹೋದ ವರ್ಷ ಹುಲ್ಲುಗಾವಲಿನಲ್ಲಿ ಸರಕಾರದವರು ಹಲಗೆ ನೆಟ್ಟಿದ್ದರು. ಏನು ಬರೆದಿದೆಯೋ ತಿಳಿಯದೆ ಕುರಿ ಬಿಟ್ಟಳು. ಗಾರ್ಡು ಬಂದು ಹಿಂಡನ್ನೇ ಕೊಂಡವಾಡಕ್ಕೆ ಅಟ್ಟಿ ಕೂಡಿಹಾಕಿದ. “ಕಣ್ಣ ಹೋಗ್ಯಾವೇನಬೇ ರಂಡಿ, ಹಲಗಿ ಕಾಣಲಿಲ್ಲ?” ಎರಡು ದಿನ ನೀರಿಲ್ಲದೆ ಹನ್ನೊಂದು ಮರಿ ಸತ್ತವು. ಹಲಗೆ ಕಂಡಿತ್ತು, ಓದಲು ಬರಲಿಲ್ಲ. ಆ ಸಂಕಟಕ್ಕೇ ಅವಳು ಅಕ್ಷರದ ಬೆನ್ನು ಹತ್ತಿದ್ದು.

ಇವತ್ತು ಮಾಸ್ತರನೇ ಆಳು ಕಳಿಸಿ ಕುರುಬರ ಓಣಿಯ ಮೂವತ್ತು ಮಂದಿಯನ್ನು ಹಾಡಹಗಲೇ ಕರೆಸಿ, ಕೈಗೊಂದು ಪಾಟಿ, ಬಳಪ ಕೊಟ್ಟಿದ್ದ. “ಸಾಹೇಬ್ರು ಏನ್ ಕೇಳಿದ್ರೂ ಹೂಂ ಅನ್ರಿ. ಬ್ಯಾರೆ ಬಾಯಿ ಬಿಟ್ರ ನೋಡ್ರಿ, ಸೂಳಿಮಕ್ಕಳ್ರ.”

ಸಾಲೆ ತಪಾಸಣೆಗೆಂದು ಜಮಖಂಡಿಯಿಂದ ಜೀಪಿನಲ್ಲಿ ಬಂದ ಸಾಹೇಬ ಹಾಜರಿ ಪುಸ್ತಕ ಬಿಡಿಸಿದ.

“ಸತ್ಯವ್ವ ಯಾರು? ನೂರಾ ಇಪ್ಪತ್ತ ದಿವಸ ಬಂದ ಹೆಬ್ಬೆಟ್ಟ ಒತ್ತೀದಿ. ಓದಾಕ ಬಂತಿಲ್ಲೋ? ಬಂತಂದ್ರ ನಿಮ್ಮ ಓಣಿ ಸಾಲಿ ಇವತ್ತಿಗೆ ಮುಗೀತು.”

ಗಂಡ ಜಕ್ಕಪ್ಪ ಹಿಂದಿನಿಂದ ಸೆರಗು ಜಗ್ಗಿದ. “ಹೂಂ ಅನ್ನ, ಹೋಗೂಣು.”

ಮುಗಿಯುವುದೇನು, ಶುರುವೇ ಆಗಿಲ್ಲವಲ್ಲ. ಸತ್ಯವ್ವ ಎದ್ದು ಪುಸ್ತಕದ ಮೇಲೆ ಬಗ್ಗಿದಳು. ಅಕ್ಷರ ತಿಳಿಯಲಿಲ್ಲ. ಆದರೆ ಹೆಜ್ಜೆ ನೋಡಿಯೇ ತಪ್ಪಿಸಿಕೊಂಡ ಕುರಿ ಹುಡುಕುವವಳು ಅವಳು. ಒಬ್ಬೊಬ್ಬರ ಹೆಸರಿನ ಮುಂದೆಯೂ ಹೆಬ್ಬೆಟ್ಟು, ಪ್ರತಿ ಹೆಬ್ಬೆಟ್ಟಿನ ನಡುವೆ ಅದೇ ಅಡ್ಡ ಗೀರು.

“ಇವು ಮೂವತ್ತ ಕುರಿ ಅಲ್ರಿ, ಸಾಹೇಬ್ರ. ಗೊರಸಿಗೆ ಗೀರ ಬಿದ್ದ ಒಂದ ಕುರಿ ಮ್ಯಾಲಿಂದ ಮ್ಯಾಲ ತುಳದೈತಿ.”

ಹೇಳಿದವಳೇ ಮಾಸ್ತರನ ಕೈ ಹಿಡಿದು ಹೆಬ್ಬೆರಳು ಎತ್ತಿ ತೋರಿಸಿದಳು. ಅಲ್ಲಿ, ಪಾಟಿ ಕೊಡುವಾಗಲೇ ಅವಳು ಕಂಡಿದ್ದ, ಹಳೆಯ ಗಾಯದ ಅಡ್ಡ ಗುರುತಿತ್ತು.

“ನನ್ನ ಮುಟ್ಟತೀ ಏನಬೇ, ಬೋಸುಡಿ” ಎಂದು ಮಾಸ್ತರ ಕೈ ಕೊಸರಿಕೊಂಡ.

ಸಾಹೇಬ ಆ ಬೆರಳನ್ನು ನೋಡಿದ, ಗಡಿಯಾರ ನೋಡಿದ, ನಕ್ಕ. “ಇಷ್ಟ ಓದಾಕ ಬಂದಮ್ಯಾಲ ಮತ್ತೇನ ಬೇಕು? ಛಲೋ ಕಲಿಸೀರಿ, ಮಾಸ್ತರ. ಮೂವತ್ತೂ ಮಂದಿ ಪಾಸು.” ಸಹಿ ಹಾಕಿ ಪುಸ್ತಕ ಮುಚ್ಚಿದ.

ಅವರು ಹೊರಡುವ ಮೊದಲೇ ಸತ್ಯವ್ವ ಹೋಗಿ ಹೊಸ್ತಿಲ ಮೇಲೆ ಅಡ್ಡ ಕೂತು ಪಾಟಿ ಎತ್ತಿ ಹಿಡಿದಳು.

“ಒಂದ ಅಕ್ಷರ ಬರದ ಕೊಟ್ಟ ದಾಟ್ರಿ. ಇಲ್ಲಾ, ನನ್ನ ತುಳದ ದಾಟ್ರಿ.”

ಹೊರಗೆ ಜೀಪು ಹಾರ್ನ್ ಹೊಡೆಯಿತು. ಸಾಹೇಬ ಬೂಟುಗಾಲು ಎತ್ತಿದ. ಜಕ್ಕಪ್ಪ ತನ್ನ ಪಾಟಿ ಹಿಡಿದು ಬಂದು ಹೆಂಡತಿಯ ಮಗ್ಗುಲಿಗೆ ಕೂತ. ಅವನ ಹಿಂದೆ ಓಣಿಯ ಯಂಕವ್ವ ಎದ್ದು ಬಂದಳು, ಹುಲೆಪ್ಪ ಬಂದ. ಬಾಗಿಲಲ್ಲಿ ಆ ಕಾಲು ಊರಲು ಜಾಗ ಉಳಿಯಲಿಲ್ಲ.